ನೊಸೊಗಾಮನಿಗೆ ಗಾಳಿಯುಂಡೆ

ಮರೆತು ಬಂದದ್ದು ಒಂದೇ ಒಂದು ವಸ್ತು. ಆದರೆ ಮುದ್ರೆ ಕೆತ್ತುವ ಉಶಿಯಾಮಾನಿಗೆ ಆ ವರ್ಷ ಪ್ರಪಂಚದಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೊಂದೇ. ಶನಿವಾರ ಸಂಜೆ ನಮ್ಮ ಬೀದಿಯ ಸ್ನಾನದ ಮನೆಗೆ ಹೋಗಿ, ಬಿಸಿನೀರಿಗಿಳಿದು ಮೈ ಕೆಂಪಗೆ ಮಾಡಿಕೊಂಡು, ಒಂದು ಬಾಟಲಿ ತಣ್ಣನೆಯ ಹಾಲು ಕುಡಿದು ಮನೆಗೆ ಬಂದ. ಬುಟ್ಟಿಯಲ್ಲಿ ಸೋಪಿತ್ತು, ಟವೆಲಿತ್ತು, ಗೇಮ್ ಮಶೀನು ಇರಲಿಲ್ಲ. ಅದು ಅವನಿಗೆ ಗೊತ್ತಾದದ್ದು ಭಾನುವಾರ ಬೆಳಗ್ಗೆ ಏಳು ಗಂಟೆಗೆ, ಪಂದ್ಯಾವಳಿಯ ದಿನ.

ನಲವತ್ತನಾಲ್ಕು ವರ್ಷದ ಗಂಡಸು, ಕಾಲಿಗೆ ಒಂದೊಂದು ಬಣ್ಣದ ಒಂದೊಂದು ಚಪ್ಪಲಿ ಸಿಕ್ಕಿಸಿಕೊಂಡು, ಬೀದಿಯುದ್ದಕ್ಕೂ ಓಡಿದ. ಸ್ನಾನದ ಮನೆಯ ಅಂಗಳದಲ್ಲಿ ರೇಡಿಯೋ ವ್ಯಾಯಾಮ ಆಗತಾನೇ ಮುಗಿದಿತ್ತು. ಕೈಕಾಲು ಆಡಿಸಿ ಹುರುಪಾಗಿದ್ದ ಹದಿನೆಂಟು ಜನ ಅವನನ್ನು ಕಂಡದ್ದೇ ಮದುಮಗನನ್ನು ಕಂಡಂತೆ ಮುಖ ಅರಳಿಸಿದರು.

"ಬಾಪ್ಪಾ ಬಾ, ನಿನ್ನ ಯಂತ್ರ ಇಲ್ಲೇ ಜೋಪಾನವಾಗಿದೆ," ಎಂದಳು ಸ್ನಾನದ ಮನೆಯ ಒಡತಿ ತೊಮಿಯೆ ಅಜ್ಜಿ. ಎಪ್ಪತ್ತೊಂಬತ್ತಾದರೂ ಅವಳ ಕಿವಿ ಇಡೀ ಬೀದಿಯ ಗೋಡೆಗಳನ್ನು ದಾಟಿ ಕೇಳುತ್ತದೆ. "ಸುಮ್ನೆ ಇಟ್ಕೊಂಡಿರ್ಲಿಲ್ಲ ಕಣೋ. ನಾವೆಲ್ಲಾ ಸೇರಿ ನಿನಗೊಂದು ಉಪಕಾರ ಮಾಡಿದ್ದೀವಿ."

ಉಪಕಾರ ಎಂಬ ಮಾತು ಕೇಳಿ ಉಶಿಯಾಮಾ ಅಲ್ಲೇ ನಿಂತ.

"ಏನು ಉಪಕಾರ, ಅಜ್ಜೀ?"

"ನಿನ್ನ ಕಪ್ಪೆ ಇದ್ಯಲ್ಲ, ಅದೇನು ಅಷ್ಟೊಂದು ಮಂದ! ನೋಡೋಕೇ ಸಂಕಟ ಆಗ್ತಿತ್ತು," ಎಂದು ಮುಂದೆ ಬಂದ ತೋಫು ಅಂಗಡಿಯ ಗೊಂದಾ. ಬೀದಿಯಲ್ಲಿ ಇವನಷ್ಟು ಅವಸರದ ಮನುಷ್ಯ ಇನ್ನೊಬ್ಬನಿಲ್ಲ. ಸೈಕಲ್ಲಿನಲ್ಲಿ ತೋಫು ಒಯ್ದರೆ ಅರ್ಧ ತೋಫು ದಾರಿಯಲ್ಲೇ ನೀರಾಗಿರುತ್ತದೆ. "ನಿನ್ನ ಚೀಲದಲ್ಲಿ ಮೂವತ್ತಾರು ಗಾಳಿಯುಂಡೆ ಹಾಗೇ ಕೊಳೀತಾ ಬಿದ್ದಿದ್ವು. ಬಳಸೋಕೂ ಬರಲ್ವಲ್ಲಯ್ಯಾ ನಿನಗೆ! ಒಬ್ಬೊಬ್ರೂ ಎರಡೆರಡು ತಿನ್ನಿಸಿದ್ವಿ. ಈಗ ನೋಡು ಹೆಂಗೆ ಜಿಗಿಯುತ್ತೆ!"

ಉಶಿಯಾಮಾ ಮಶೀನು ತೆರೆದ. ಬೆನ್ನ ಮೇಲೆ ಕಲ್ಲಿನ ದೀಪ ಹೊತ್ತ, ಜೋಲು ಗಲ್ಲದ, ಸದಾ ಅರ್ಧ ನಿದ್ದೆಯಲ್ಲಿರುವ ಅವನ ಮುದಿ ಕಪ್ಪೆ ನೊಸೊಗಾಮ ಪರದೆಯ ಮೇಲೆ ಟಣ್ಣನೆ ಕುಪ್ಪಳಿಸುತ್ತಿತ್ತು. ಪಕ್ಕದಲ್ಲಿ ಬರೆದಿತ್ತು: ವೇಗ, ನಲವತ್ತೇಳು.

ನಿನ್ನೆ ಸಂಜೆ ಅದು ಹನ್ನೊಂದಿತ್ತು.

"ಹೆಂಗೆ?" ಎಂದ ಗೊಂದಾ.

"ಬಹಳ ಉಪಕಾರ ಆಯ್ತು," ಎಂದು ಹದಿನೆಂಟು ಜನಕ್ಕೂ ಸೊಂಟ ಬಗ್ಗಿಸಿ ನಮಸ್ಕರಿಸಿ, ಉಶಿಯಾಮಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತ.

ಏನಾಯಿತು ಎಂದು ತಿಳಿಯಬೇಕಾದರೆ ಮೊಕೊಮೊಕೊ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಆಟ ಅದು. ಪ್ರತಿಯೊಂದು ಪ್ರಾಣಿಗೂ ವೇಗದ ಅಂಕಿ ಇದೆ, ಒಂದು ಗಾಳಿಯುಂಡೆ ತಿನ್ನಿಸಿದರೆ ಅದು ಒಂದಂಕಿ ಏರುತ್ತದೆ. ಯಾರದು ಹೆಚ್ಚೋ ಅವರದು ಮೊದಲ ಏಟು. ಅಷ್ಟೇ ಆಗಿದ್ದರೆ ಗೊಂದಾನಂಥವರೇ ಲೋಕ ಆಳುತ್ತಿದ್ದರು. ಆದರೆ ನೊಸೊಗಾಮ ಜಾತಿಯ ಕಪ್ಪೆಯ ಬಳಿ ಒಂದು ವಿದ್ಯೆ ಇದೆ. ಬೆನ್ನ ಮೇಲಿನ ದೀಪ ಹೊತ್ತಿಸಿದರೆ ಕಣದಲ್ಲಿ ಇಳಿಸಂಜೆ ಕವಿಯುತ್ತದೆ. ಇಳಿಸಂಜೆಯಲ್ಲಿ ಎಲ್ಲ ತಿರುಗುಮುರುಗು: ನಿಧಾನವಾದವನದೇ ಮೊದಲ ಏಟು, ಜೊತೆಗೆ ದೀಪದ ಏಟಿಗೆ ಎರಡರಷ್ಟು ಬಲ. ಒಂದೇ ಏಟಿಗೆ ಎದುರಾಳಿ ಮಲಗಬೇಕು. ಹಾಗಾಗಿ ನೊಸೊಗಾಮನನ್ನು ಸಾಕುವವನಿಗೆ ಮಂದಗತಿಯೇ ಬಂಗಾರ. ಇನ್ನು ವೇಗ ಒಮ್ಮೆ ಏರಿತೋ, ಏರಿತು. ಇಳಿಸುವ ದಾರಿ ಆ ಆಟದಲ್ಲಿ ಇಲ್ಲ.

ನಮ್ಮ ಅಂಗಡಿಬೀದಿಯಲ್ಲಿ ಪ್ರತಿ ಆಗಸ್ಟಿಗೆ ಈ ಆಟದ ಪಂದ್ಯಾವಳಿ ನಡೆಯುತ್ತದೆ. ಎಂಟು ಜನ, ಒಬ್ಬರಿಗೆ ಒಂದೇ ಪ್ರಾಣಿ. ಬಹುಮಾನ ಇಲ್ಲ. ಬದಲಿಗೆ ನಮ್ಮದೇ ಒಂದು ಪದ್ಧತಿ ಇದೆ: ಗೆದ್ದವರು ಸೋತವರನ್ನು ಎಲ್ಲರೆದುರಿಗೆ ಒಂದೇ ಒಂದು ಪ್ರಶ್ನೆ ಕೇಳಬಹುದು. ಸೋತವರು ನಿಜ ಹೇಳಲೇಬೇಕು. ಉತ್ತರ ಬಂದ ಕೂಡಲೇ ಆಟದಂಗಡಿಯ ಮುರಾಸೆ-ಸಾನ್ ಗಂಟೆ ಬಾರಿಸುತ್ತಾಳೆ. ಗಂಟೆ ಬಿತ್ತೆಂದರೆ ಮುಗಿಯಿತು, ಮುಂದಿನ ಪಂದ್ಯಾವಳಿಯವರೆಗೆ ಆ ವಿಷಯವನ್ನು ಬೀದಿಯಲ್ಲಿ ಯಾರೂ ಎತ್ತುವಂತಿಲ್ಲ. ಹಿಂದೊಮ್ಮೆ ಗೊಂದಾ ಅಕ್ಕಿ ಅಂಗಡಿಯವನನ್ನು "ಹೊಸ ಅಕ್ಕಿಗೆ ಹಳೇದು ಬೆರೆಸ್ತೀಯಾ?" ಎಂದು ಕೇಳಿ, ಅವನು "ಹೂಂ" ಎಂದು, ಗಂಟೆ ಬಿದ್ದು, ಇಡೀ ವರ್ಷ ನಾವೆಲ್ಲ ಬಾಯಿ ಮುಚ್ಚಿಕೊಂಡು ಅದೇ ಅನ್ನ ಉಂಡೆವು. ಈ ಪದ್ಧತಿ ಇರುವುದರಿಂದಲೇ ನಮ್ಮ ಬೀದಿಯಲ್ಲಿ ಇನ್ನೂ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುತ್ತೇವೆ.

ಉಶಿಯಾಮಾನಿಗೆ ಕೇಳಲು ಒಂದು ಪ್ರಶ್ನೆ ಇತ್ತು. ಎರಡು ವರ್ಷದಿಂದ ಇತ್ತು. ಅದನ್ನು ಕೇಳಬೇಕಾದದ್ದು ಎದುರಂಗಡಿಯ ಕಿನುಯೊಳನ್ನು.

ಕಿನುಯೊ ಆಲೂಗಡ್ಡೆಯ ಕೊರೊಕ್ಕೆ ಕರಿದು ಮಾರುತ್ತಾಳೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಾತು ಕಡಿಮೆ, ನಕ್ಕರೆ ಮಾತ್ರ ಇಡೀ ಅಂಗಡಿ ನಕ್ಕ ಹಾಗೆ. ಉಶಿಯಾಮಾ ದಿನಾ ಮೂರು ಗಂಟೆಗೆ ಹೋಗುತ್ತಾನೆ, ಎರಡು ಕೊರೊಕ್ಕೆ ತರುತ್ತಾನೆ, ಕೇಳಬೇಕಾದದ್ದನ್ನು ಕೇಳದೆ ವಾಪಸು ಬರುತ್ತಾನೆ. ಕೈಗೆ ಉಳಿ ಕೊಟ್ಟರೆ ಉಗುರಿನಷ್ಟು ಮರದ ಮೇಲೆ ನಾಲ್ಕು ಅಕ್ಷರದ ಹೆಸರು ಕೆತ್ತಬಲ್ಲ, ಬಾಯಿ ಮಾತ್ರ ಕೈಕೊಡುತ್ತದೆ. ಪದ್ಧತಿಯ ಬಲವಿಲ್ಲದೆ ಈ ಜನ್ಮದಲ್ಲಿ ತನ್ನಿಂದ ಆ ಮಾತು ಹೊರಡದು ಎಂದು ಅವನಿಗೇ ಖಾತ್ರಿಯಾಗಿತ್ತು.

ಹೋದ ವರ್ಷ ಅವಳೆದುರು ಆಡಿದ್ದ. ಅವಳದು ಇಶಿಮಾಯಿ ಎಂಬ ಬಂಡೆಚಿಪ್ಪಿನ ಬಸವನಹುಳು. ಆರು ವರ್ಷದಿಂದ ಒಂದು ಗಾಳಿಯುಂಡೆಯನ್ನೂ ಮುಟ್ಟಿಸದೆ ಸಾಕಿದ್ದಳು. ವೇಗ ಹನ್ನೆರಡು. ಇಡೀ ಜಿಲ್ಲೆಯಲ್ಲೇ ಅದಕ್ಕಿಂತ ನಿಧಾನದ ಪ್ರಾಣಿ ಇಲ್ಲವೆಂದು ಮುರಾಸೆ-ಸಾನ್ ತನ್ನ ಅಂಗಡಿಯ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಮೆರೆಸಿದ್ದಳು. ಆಗ ಉಶಿಯಾಮಾನ ಕಪ್ಪೆಯ ವೇಗ ಹದಿನಾಲ್ಕು. ದೀಪ ಹೊತ್ತಿಸಿದ, ಇಳಿಸಂಜೆ ಕವಿಯಿತು, ಇವನಿಗಿಂತ ಎರಡಂಕಿ ನಿಧಾನವಿದ್ದ ಇಶಿಮಾಯಿ ಮೊದಲು ಬಂದು ಅದೇ ಸಂಜೆಯಲ್ಲಿ ಕಪ್ಪೆಯನ್ನು ಮಲಗಿಸಿತು. ಗೆದ್ದ ಕಿನುಯೊ ಕೇಳಿದಳು:

"ದಿನಾ ಎರಡು ಕೊರೊಕ್ಕೆ ಒಯ್ತೀರಲ್ಲ, ಇನ್ನೊಂದು ಯಾರಿಗೆ?"

ಉಶಿಯಾಮಾ ಪ್ರಾಮಾಣಿಕ. "ಎರಡೂ ನಾನೇ ತಿಂತೀನಿ," ಎಂದ. ಗಂಟೆ ಬಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಅವನ ತಪಸ್ಸು. ಹುಟ್ಟುವಾಗಲೇ ಹನ್ನೆರಡಕ್ಕಿಂತ ಕಡಿಮೆ ವೇಗವಿರುವ ಕಪ್ಪೆ ಬೇಕು. ಒಂದು ವರ್ಷದಲ್ಲಿ ಮುನ್ನೂರ ಹದಿನಾಲ್ಕು ನೊಸೊಗಾಮಗಳನ್ನು ಹಿಡಿದು ನೋಡಿ ಬಿಟ್ಟ. ಮುನ್ನೂರ ಹದಿನೈದನೆಯದು ಹನ್ನೊಂದು! ಯಾರಿಗೂ ಹೇಳಲಿಲ್ಲ. ಹಬ್ಬದ ಸಿಹಿ ಮಕ್ಕಳಿಂದ ಬಚ್ಚಿಡುವ ಹಾಗೆ ಆ ಅಂಕಿಯನ್ನು ಬಚ್ಚಿಟ್ಟ. ಶಕ್ತಿ ಬೆಳೆಸಿದ, ವೇಗ ಮುಟ್ಟಲಿಲ್ಲ. ಚೀಟಿ ಎತ್ತಿದಾಗ ಈ ಸಲ ಮೊದಲ ಸುತ್ತಿನಲ್ಲೇ ಕಿನುಯೊ ಎದುರಾಳಿಯಾಗಿ ಬಂದಳು. ಎಲ್ಲ ಸರಿಯಾಗಿತ್ತು. ಈಗ ನಲವತ್ತೇಳು.

ಸ್ನಾನದ ಮನೆಯ ಮೆಟ್ಟಿಲ ಮೇಲೆ ಕುಳಿತು ಉಶಿಯಾಮಾ ತನ್ನ ಪ್ರಶ್ನೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ವಿವರಿಸುವಷ್ಟರಲ್ಲಿ ಹದಿನೆಂಟು ಮುಖಗಳೂ ಬಾಡಿದವು.

"ಅಯ್ಯೋ, ಕೈಯಾರೆ ಹುಡುಗನ ಬಾಳು ಹಾಳು ಮಾಡಿದ್ವಲ್ಲ," ಎಂದು ತೊಮಿಯೆ ಅಜ್ಜಿ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. "ಎಲ್ಲಾ ಈ ಗೊಂದಾನಿಂದ! ವೇಗ, ವೇಗ ಅಂತ ಕುಣೀತಿದ್ದ."

"ನನಗೇನು ಗೊತ್ತು ಅಜ್ಜಿ? ಆಟದಲ್ಲಿ ನನ್ನ ಹುಂಜ ವೇಗದಿಂದಾನೇ ಗೆಲ್ಲೋದು. ನಿಧಾನಕ್ಕೆ ಹೋಗಿ ಗೆಲ್ಲೋದು ಅಂತ ಒಂದಿರುತ್ತಾ?"

"ನೀನು ಮಾತಾಡ್ಬೇಡ."

ಗೊಂದಾ ಮಾತಾಡುವುದನ್ನು ಬಿಟ್ಟರೂ ಉಪಕಾರ ಮಾಡುವುದನ್ನು ಬಿಡುವವನಲ್ಲ. ಉಶಿಯಾಮಾನ ತೋಳು ಹಿಡಿದು ಎಳೆದುಕೊಂಡು ಮುರಾಸೆ-ಸಾನ್ ಅಂಗಡಿಗೆ ನಡೆದ. ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಉಳಿದ ವ್ಯಾಯಾಮದವರು. ಮುರಾಸೆ-ಸಾನ್ ಬಾಗಿಲು ತೆರೆದು ಮೆರವಣಿಗೆ ನೋಡಿ ಹುಬ್ಬೇರಿಸಿದಳು.

"ಏರಿದ ವೇಗ ಇಳಿಸೋಕೆ ಏನಾದ್ರೂ ಇದ್ಯಾ?" ಗೊಂದಾ ಗದರಿಸುವ ಹಾಗೆ ಕೇಳಿದ.

"ಇಲ್ಲ. ಅದು ನಿಮಗೂ ಗೊತ್ತು."

"ಏನೂ ಇಲ್ವಾ?"

"ಕಲ್ಲಿನ ಚಪ್ಪಲಿ ಹಾಕ್ಸಿದ್ರೆ ಕಾದಾಟದಲ್ಲಿ ವೇಗ ಅರ್ಧ ಆಗುತ್ತೆ."

ಎಲ್ಲರೂ ಹೋ ಎಂದರು. ಆಮೇಲೆ ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕಿದರು. ನಲವತ್ತೇಳರ ಅರ್ಧ ಇಪ್ಪತ್ಮೂರು ಚಿಲ್ಲರೆ. ಇಶಿಮಾಯಿಯದು ಹನ್ನೆರಡು. ಹೋ ಎಂದವರೆಲ್ಲ ಹಾ ಎಂದರು.

"ಎರಡು ಜೊತೆ ಚಪ್ಪಲಿ ಹಾಕ್ಸಿದ್ರೆ? ಕಪ್ಪೆಗೆ ನಾಲ್ಕು ಕಾಲಿದ್ಯಲ್ಲ!" ಎಂದಳು ಅಜ್ಜಿ.

"ಒಂದೇ ಜೊತೆಗೆ ಅವಕಾಶ," ಎಂದಳು ಮುರಾಸೆ-ಸಾನ್. "ಇನ್ನು ನನ್ನನ್ನ ಏನೂ ಕೇಳ್ಬೇಡಿ. ಸಂಜೆ ತೀರ್ಪು ಹೇಳೋಳು ನಾನು. ಹೋಗಿ, ಹೋಗಿ."

ಬೀದಿಗಿಳಿದ ಮೇಲೆ ಗೊಂದಾ ದನಿ ತಗ್ಗಿಸಿದ. "ಉಶಿಯಾಮಾ, ಒಂದು ಮಾತು. ಕಿನುಯೊ-ಸಾನ್ ತನ್ನ ಮಶೀನನ್ನ ಅಂಗಡಿ ಗಲ್ಲಾದ ಪಕ್ಕ ಇಟ್ಟಿರ್ತಾಳೆ. ಅಜ್ಜಿ ಮಾತಿಗೆ ನಿಂತ್ಕೊಳ್ಲಿ. ನಾನು ಆ ಬಸವನಹುಳುವಿಗೆ ಒಂದಷ್ಟು ಉಂಡೆ ತಿನ್ನಿಸಿ ಬರ್ತೀನಿ. ಅದೂ ವೇಗ ಆಗ್ಲಿ. ಲೆಕ್ಕ ಸಮ."

ಉಶಿಯಾಮಾನಿಗೆ ಸಿಟ್ಟು ಬಂದದ್ದನ್ನು ನಮ್ಮ ಬೀದಿ ಕಂಡಿರಲಿಲ್ಲ. ಅವತ್ತು ಕಂಡಿತು.

"ಗೊಂದಾ-ಸಾನ್! ಆರು ವರ್ಷ ಸಾಕಿದ್ದಾರೆ ಅವ್ರು. ಗಂಡ ಹೋದ್ಮೇಲೆ ಮೂರು ವರ್ಷ ಯಾರ ಜೊತೇನೂ ಮಾತಾಡದೆ ಇದ್ದವ್ರು, ಆ ಹುಳುವನ್ನ ಹಿಡಿದ ದಿನ ನಕ್ಕಿದ್ದು. ನಾನು ನೋಡಿದ್ದೀನಿ. ಅದನ್ನ ಯಾರಾದ್ರೂ ಮುಟ್ಟಿದ್ರೆ... ಮುಟ್ಟಿದ್ರೆ..."

"ಮುಟ್ಟಿದ್ರೆ?"

"ನಾನು ನಿಮ್ಮ ತೋಫು ತಗೊಳಲ್ಲ," ಎಂದು ಉಶಿಯಾಮಾ ತನಗೆ ಗೊತ್ತಿದ್ದ ಅತಿ ದೊಡ್ಡ ಬೆದರಿಕೆ ಹಾಕಿ, ದುಡುದುಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಬಾಗಿಲು ಹಾಕಿದರೆ ಬಿಡುತ್ತಾರೆಯೇ? ಹತ್ತು ಗಂಟೆಗೆ ಅಜ್ಜಿ ಬಂದು, ಶುಭವಾಗಲಿ ಎಂದು ಅವನ ಹಣೆಗೆ ಬಿಳಿ ಬಟ್ಟೆ ಕಟ್ಟಿ ಹೋದಳು. ಹತ್ತೂವರೆಗೆ ಕ್ಷೌರದಂಗಡಿಯವನು ಬಂದು, ಪ್ರಶ್ನೆ ಕೇಳುವ ಗಂಡಸಿನ ತಲೆ ಹೀಗಿದ್ದರೆ ಹೇಗೆ ಎಂದು, ಬೇಡಬೇಡವೆಂದರೂ ಕೂದಲು ಕತ್ತರಿಸಿದ. ಹಣೆಯ ಬಟ್ಟೆ ಬಿಚ್ಚದೆ ಕತ್ತರಿಸಿದ್ದರಿಂದ, ಆಮೇಲೆ ಬಟ್ಟೆ ತೆಗೆದಾಗ ತಲೆ ಸುತ್ತ ಒಂದು ಕಾಲುದಾರಿ ಕಾಣಿಸಿತು. ಬಟ್ಟೆಯನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು. ಹನ್ನೊಂದಕ್ಕೆ ಅಕ್ಕಿ ಅಂಗಡಿಯವನು ಅನ್ನದುಂಡೆ ತಂದಿಟ್ಟು, "ಇದು ಪೂರ್ತಿ ಹೊಸ ಅಕ್ಕಿ," ಎಂದು ಪಿಸುಗುಟ್ಟಿ ಹೋದ.

ತನ್ನ ಪ್ರಶ್ನೆ ಯಾರಿಗೂ ಗೊತ್ತಿಲ್ಲವೆಂದು ಉಶಿಯಾಮಾ ಎರಡು ವರ್ಷದಿಂದ ನಂಬಿದ್ದ. ಈಗ ನೋಡಿದರೆ ಕ್ಷೌರದವನಿಗೂ ಗೊತ್ತು. ಗೊತ್ತಿಲ್ಲದೆ ಉಳಿದಿದ್ದವಳು ಕಿನುಯೊ ಒಬ್ಬಳೇ ಇರಬೇಕು ಎಂದುಕೊಂಡು ಸಮಾಧಾನ ಮಾಡಿಕೊಂಡ.

ಅನ್ನದುಂಡೆಯನ್ನು ಕಚ್ಚಿ ಅಗಿಯುತ್ತಿದ್ದಾಗ ಅವನ ದವಡೆ ಥಟ್ಟನೆ ನಿಂತಿತು.

ಇಳಿಸಂಜೆಯನ್ನು ಕರೆಯಲೇಬೇಕು ಎಂದು ಯಾರು ಹೇಳಿದರು? ದೀಪ ಹೊತ್ತಿಸದೇ ಹೋದರೆ ಕಣದಲ್ಲಿ ಹಗಲು. ಹಗಲಿನಲ್ಲಿ ವೇಗದವನದೇ ಮೊದಲ ಏಟು. ನಲವತ್ತೇಳೆಲ್ಲಿ, ಹನ್ನೆರಡೆಲ್ಲಿ! ಹಗಲಲ್ಲಿ ಇಶಿಮಾಯಿ ಮಲಗಲು ಎರಡು ಏಟು ಬೇಕು. ಕಪ್ಪೆ ಮಲಗಲೂ ಎರಡೇ ಏಟು. ಮೊದಲು ಹೊಡೆಯುವವನು ಎರಡನೆಯ ಏಟನ್ನೂ ಮೊದಲೇ ಹೊಡೆಯುತ್ತಾನೆ. ಕಿನುಯೊ ಇವನು ದೀಪ ಹೊತ್ತಿಸುತ್ತಾನೆಂದೇ ಕಾಯುತ್ತಾಳೆ, ಇವನು ಹೊತ್ತಿಸುವುದೇ ಇಲ್ಲ!

ಉಶಿಯಾಮಾ ಅನ್ನ ಮೆತ್ತಿದ ಬಾಯಲ್ಲೇ ಎದ್ದು ನಿಂತು ಕುಣಿದ. ಗೊಂದಾನ ಉಪಕಾರವೇ ವರವಾಯಿತಲ್ಲ ಎನಿಸಿ ಅವನ ಮೇಲೆ ಪ್ರೀತಿಯೇ ಉಕ್ಕಿ ಬಂತು. ಕಿಟಕಿಯಿಂದ ತಲೆ ಹಾಕಿ, "ಗೊಂದಾ-ಸಾನ್, ನಾಳೆ ಎರಡು ತೋಫು!" ಎಂದು ಕೂಗಿದ. ಬೀದಿಯ ಆ ತುದಿಯಲ್ಲಿದ್ದ ಗೊಂದಾನಿಗೆ ಏನೂ ಅರ್ಥವಾಗದಿದ್ದರೂ ಕೈ ಬೀಸಿದ.

ನಾಲ್ಕು ಗಂಟೆಗೆ ಬೀದಿಯ ಮಾಡಿನ ಕೆಳಗೆ ದೊಡ್ಡ ಪರದೆ ಕಟ್ಟಿದ್ದರು. ಬೀಸಣಿಗೆ ಹಿಡಿದ ಜನ, ಐಸ್ ತುರಿದು ಕೊಡುವ ಗಾಡಿ, ಮುಂದಿನ ಸಾಲಿನಲ್ಲಿ ತೊಮಿಯೆ ಅಜ್ಜಿ. ಕಿನುಯೊ ಏಪ್ರನ್ ಬಿಚ್ಚಿಟ್ಟು, ತಿಳಿನೀಲಿ ಹತ್ತಿಯ ಕಿಮೊನೊ ಉಟ್ಟು ಬಂದಿದ್ದಳು. ಉಶಿಯಾಮಾನ ಹಣೆಬಟ್ಟೆ ನೋಡಿ ಅವಳ ತುಟಿಯಂಚು ಸ್ವಲ್ಪ ಅಲುಗಿತು.

"ಜೋರಾಗಿ ಬಂದಿದ್ದೀರಿ," ಎಂದಳು.

"ತಲೆನೋವು," ಎಂದ ಉಶಿಯಾಮಾ.

ಮೊದಲ ಸುತ್ತಿನ ಉಳಿದ ಮೂರು ಪಂದ್ಯ ಆಗಲೇ ಮುಗಿದಿದ್ದವು, ಗೊಂದಾ ತನ್ನದನ್ನು ಗೆದ್ದಿದ್ದ. ಮುರಾಸೆ-ಸಾನ್ ಕೈ ಎತ್ತಿ ಇಳಿಸಿದಳು. ಪಂದ್ಯ ಶುರುವಾಯಿತು.

ಉಶಿಯಾಮಾ ಒಳಗೊಳಗೇ ನಗುತ್ತಾ ದೀಪದ ಗುಂಡಿಯನ್ನು ಬಿಟ್ಟು ನೇರವಾಗಿ ಏಟಿನ ಗುಂಡಿ ಒತ್ತಿದ. ಈಗ ಕಪ್ಪೆ ಜಿಗಿಯಬೇಕು. ಕಪ್ಪೆ ಕಾಲು ಮಡಚಿತು. ಅಷ್ಟರಲ್ಲಿ ಪರದೆಯ ಆಚೆಯಿಂದ ಏನೋ ಒಂದು, ಬಂಡೆಯ ಗಾತ್ರದ್ದು, ಜುಂಯ್ಯೆಂದು ಜಾರಿ ಬಂದು ಕಪ್ಪೆಯ ಗಲ್ಲಕ್ಕೆ ಢಿಕ್ಕಿ ಹೊಡೆಯಿತು. ಇಶಿಮಾಯಿ! ಕಪ್ಪೆಯ ಅರ್ಧ ಪ್ರಾಣ ಹೋಯಿತು. ಆಮೇಲೆ ಕಪ್ಪೆ ಹೊಡೆದದ್ದರಿಂದ ಇಶಿಮಾಯಿಯ ಅರ್ಧ ಪ್ರಾಣವೂ ಹೋಯಿತು ಅನ್ನಿ. ಆದರೆ ಅದನ್ನು ಯಾರು ನೋಡಿದರು?

"ಹನ್ನೆರಡರ ಹುಳು ಮೊದಲು ಬಂತು!" ಜನ ಎದ್ದು ನಿಂತರು.

ಉಶಿಯಾಮಾ ಲೆಕ್ಕ ಹಾಕಿದ. ಇಶಿಮಾಯಿ ತನ್ನ ಕಪ್ಪೆಗಿಂತ ವೇಗವಾಗಿದೆ. ಅಂದರೆ ಯಾರೋ ಉಂಡೆ ತಿನ್ನಿಸಿದ್ದಾರೆ. ಆರು ವರ್ಷದ ಸಾಕಣೆ ಮಣ್ಣುಪಾಲು! ಅವನು ತಿರುಗಿ ಗೊಂದಾನನ್ನು ಸುಟ್ಟುಬಿಡುವ ಹಾಗೆ ನೋಡಿದ. ಗೊಂದಾ ಎರಡೂ ಕೈ ಆಡಿಸಿ, ತಲೆಯಾಡಿಸಿ, ಅಜ್ಜಿಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

"ಹೊತ್ತಾಗ್ತಿದೆ, ಉಶಿಯಾಮಾ-ಸಾನ್," ಎಂದಳು ಮುರಾಸೆ-ಸಾನ್.

ಹಗಲಿನಲ್ಲಿ ಇನ್ನೊಂದು ಏಟು ಬಿದ್ದರೆ ಕಪ್ಪೆ ಮಲಗಿತು. ಮೊದಲ ಏಟು ಹೇಗೂ ಅವಳದೇ. ಕೈಗೆ ಬೇರೇನೂ ತೋಚದೆ ಉಶಿಯಾಮಾ ದೀಪ ಹೊತ್ತಿಸುವ ಗುಂಡಿ ಒತ್ತಿದ. ಒತ್ತಿ ಕಣ್ಣು ಮುಚ್ಚಿಕೊಂಡ. ಇಶಿಮಾಯಿಯ ಏಟಿನ ಸದ್ದಿಗೆ ಕಾದ. ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ, ಇಶಿಮಾಯಿ ಹೊಡೆಯುವುದನ್ನು ಬಿಟ್ಟು ಸುಮ್ಮನೆ ಚಿಪ್ಪಿನೊಳಗೆ ಸೇರಿಕೊಂಡಿದೆ! ಕಪ್ಪೆಯ ಬೆನ್ನ ಮೇಲೆ ದೀಪ ಹೊತ್ತಿತು. ಪರದೆಯ ತುಂಬ ಕೇಸರಿ ಬೆಳಕಿನ ಇಳಿಸಂಜೆ ಹರಡಿತು.

ಈಗ ನಿಧಾನದವನದೇ ಸರದಿ. ನಲವತ್ತೇಳರ ಕಪ್ಪೆ ಅದೃಷ್ಟಕ್ಕೆ ಇಬ್ಬರಲ್ಲಿ ನಿಧಾನದ್ದು. ಎರಡರಷ್ಟು ಬಲದ ದೀಪದ ಏಟು ಬಿತ್ತು. ಇಶಿಮಾಯಿ ಮೆಲ್ಲಗೆ ಮಗ್ಗುಲಾಯಿತು.

ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು. ಅಜ್ಜಿ ಬೀಸಣಿಗೆಯನ್ನು ಮೇಲಕ್ಕೆಸೆದಳು. "ಕೇಳೋ! ಈಗ ಕೇಳೋ!" ಎಂದು ಗೊಂದಾ ಗಂಟಲು ಹರಿದುಕೊಂಡ. ಮುರಾಸೆ-ಸಾನ್ ಧ್ವನಿವರ್ಧಕವನ್ನು ತಂದು ಉಶಿಯಾಮಾನ ಬಾಯಿಯ ಮುಂದಿಟ್ಟಳು. ಐಸ್ ತುರಿಯುವ ಗಾಡಿಯ ಸದ್ದೂ ನಿಂತಿತು.

ಎರಡು ವರ್ಷ ಕಾದ ಗಳಿಗೆ ಎದುರಿಗೆ ನಿಂತಿತ್ತು. ಆದರೆ ಉಶಿಯಾಮಾ ನೋಡುತ್ತಿದ್ದದ್ದು ಕಿನುಯೊಳ ಕೈಯಲ್ಲಿದ್ದ ಪರದೆಯನ್ನು. ಮಗ್ಗುಲಾಗಿ ಬಿದ್ದ ಬಸವನಹುಳು, ಪಕ್ಕದಲ್ಲಿ ಅಂಕಿ: ವೇಗ, ಅರವತ್ತು. ಅವನ ಕಣ್ಣಲ್ಲಿ ನೀರು ತುಂಬಿತು.

"ಕಿನುಯೊ-ಸಾನ್, ನಿಮ್ಮ ಇಶಿಮಾಯಿನ ಈ ಥರ ಹಾಳು ಮಾಡಿದ್ದು ಯಾರ್ರೀ?"

ಬೀದಿಯಿಡೀ ಒಂದೇ ಬಾಯಲ್ಲಿ "ಅಯ್ಯೋ" ಎಂದಿತು. ಗೊಂದಾ ತಲೆ ಮೇಲೆ ಕೈ ಹೊತ್ತು ಕುಳಿತ.

ಕಿನುಯೊ ಮಾತ್ರ ಅವನನ್ನೇ ನೋಡುತ್ತಿದ್ದಳು.

"ನಾನೇ," ಎಂದಳು.

ಮುರಾಸೆ-ಸಾನ್ ಗಂಟೆ ಎತ್ತಿದಳು. ಕಿನುಯೊ ಕೈ ಅಡ್ಡ ಹಿಡಿದಳು. "ಒಂದು ನಿಮಿಷ. ಉತ್ತರ ಪೂರ್ತಿ ಆಗಿಲ್ಲ. ಇವರ ಕಪ್ಪೆ ಇನ್ನೂ ಹದಿನಾಲ್ಕೇ ಅಂದ್ಕೊಂಡಿದ್ದೆ. ಇವರು ದೀಪ ಹಚ್ತಾರೆ, ನನ್ನದು ಹನ್ನೆರಡು, ಮತ್ತೆ ನಾನೇ ಗೆದ್ದುಬಿಡ್ತೀನಿ, ಇವರು ಮತ್ತೆ ಒಂದು ವರ್ಷ ಸುಮ್ನೆ ಕೊರೊಕ್ಕೆ ತಿಂತಾ ಕೂತ್ಕೋತಾರೆ. ಅದಕ್ಕೇ ನಿನ್ನೆ ನಲವತ್ತೆಂಟು ಉಂಡೆ ತಿನ್ನಿಸಿದೆ. ಒಂದೊಂದು ತಿನ್ನಿಸುವಾಗ್ಲೂ ಹೊಟ್ಟೆ ಉರೀತು. ತಿನ್ನಿಸಿದೆ." ಅವಳು ಕೈ ಇಳಿಸಿದಳು. "ಈಗ ಆಯ್ತು. ಬಾರಿಸಿ."

ಗಂಟೆ ಬಿತ್ತು.

"ಇಲ್ಲ, ಇಲ್ಲ, ಅದಲ್ಲ ನಾನು ಕೇಳ್ಬೇಕು ಅಂತಿದ್ದಿದ್ದು," ಎಂದು ಉಶಿಯಾಮಾ ಧ್ವನಿವರ್ಧಕಕ್ಕೆ ಜೋತುಬಿದ್ದ.

"ಬಾಯಿಂದ ಬಿತ್ತು, ಮುಗೀತು," ಎಂದು ಮುರಾಸೆ-ಸಾನ್ ಅದನ್ನು ಬಿಡಿಸಿಕೊಂಡಳು. "ಗೆದ್ದವರು ಇಲ್ಲೇ ನಿಲ್ಲಿ. ಎರಡನೇ ಸುತ್ತು. ಉಶಿಯಾಮಾ-ಸಾನ್, ಗೊಂದಾ-ಸಾನ್."

ಎರಡನೇ ಸುತ್ತಿನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಗೊಂದಾನ ಬೆಂಕಿಯ ಹುಂಜ ಹಾರಿ ಬಂದು ಕುಕ್ಕಿತು. ಉಶಿಯಾಮಾ ಒಂದು ಗುಂಡಿಯನ್ನೂ ಒತ್ತಲಿಲ್ಲ. ಅವನು ಕಿನುಯೊಳನ್ನು ನೋಡುತ್ತಿದ್ದ, ಕಿನುಯೊ ತನ್ನ ಮಶೀನಿನ ಪರದೆಯನ್ನು ಕಿಮೊನೊದ ತೋಳಿನಂಚಿನಿಂದ ಒರೆಸುತ್ತಿದ್ದಳು. ಕಪ್ಪೆ ಯಾವಾಗ ಮಲಗಿತೋ ಅವನಿಗೆ ತಿಳಿಯಲೇ ಇಲ್ಲ.

ಗೆದ್ದ ಗೊಂದಾ ಎದೆಯುಬ್ಬಿಸಿ ಧ್ವನಿವರ್ಧಕ ಹಿಡಿದ. ಅವನಿಗೆ ಬೇರೇನೋ ಕೇಳುವುದಿತ್ತಂತೆ, ಇವತ್ತಿಗೂ ಏನೆಂದು ಹೇಳಿಲ್ಲ. ಅಷ್ಟರಲ್ಲಿ ತೊಮಿಯೆ ಅಜ್ಜಿ ಎದ್ದು ಬಂದು ಅವನ ತೊಡೆಗೆ ಬಲವಾಗಿ ಚಿವುಟಿ, ಕಿವಿಯಲ್ಲಿ ಏನೋ ಊದಿದಳು. ಗೊಂದಾನ ಮುಖ ಹೊಳೆಯಿತು.

"ಉಶಿಯಾಮಾ! ಕಿನುಯೊ-ಸಾನ್‌ನ ನೀನು ಏನು ಕೇಳ್ಬೇಕು ಅಂತಿದ್ದೆ?"

ಆಹಾ! ಈ ಗೊಂದಾನಿಗೆ ಜೀವಮಾನದಲ್ಲಿ ಒಂದೇ ಒಂದು ಸಲ ಅವಸರ ಉಪಯೋಗಕ್ಕೆ ಬಂತು ಎಂದು ನಾವೆಲ್ಲ ಚಪ್ಪಾಳೆ ಹೊಡೆದೆವು. ಸೋತವನು ನಿಜ ಹೇಳಲೇಬೇಕು. ತಪ್ಪಿಸಿಕೊಳ್ಳುವ ಹಾಗಿಲ್ಲ. ಉಶಿಯಾಮಾ ಹಣೆಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡ. ತಲೆ ಸುತ್ತಲಿನ ಕಾಲುದಾರಿ ಎಲ್ಲರಿಗೂ ಕಂಡಿತು. ಯಾರೂ ನಗಲಿಲ್ಲ.

"ನನ್ನ ಮನೆ ಚಿಕ್ಕದು," ಎಂದ. "ಮುದ್ರೆ ಕೆತ್ತೋ ಧೂಳು ಎಲ್ಲಾ ಕಡೆ ಇರುತ್ತೆ. ಆದ್ರೂ... ನನ್ನ ಜೊತೆ ಮದುವೆ ಆಗಿ, ಅಲ್ಲಿ ಬಂದು ಇರ್ತೀರಾ ಅಂತ... ಅಥವಾ ನಾನೇ ಕೊರೊಕ್ಕೆ ಅಂಗಡಿ ಮೇಲಿನ ಮನೆಗೆ ಬಂದ್ರೂ ಆಗುತ್ತೆ ಅಂತ... ಹಾಗೆ ಕೇಳ್ಬೇಕು ಅಂತಿದ್ದೆ. ಎರಡು ವರ್ಷದಿಂದ."

ತೊಮಿಯೆ ಅಜ್ಜಿ ಮೂಗು ಸೀಟಿದಳು. ಅಕ್ಕಿ ಅಂಗಡಿಯವನೂ ಸೀಟಿದ. ಕಿನುಯೊ ಕಿವಿಯವರೆಗೂ ಕೆಂಪಾಗಿ, ಉತ್ತರ ಹೇಳಲು ಬಾಯಿ ತೆರೆದಳು.

ಗಂಟೆ ಬಿತ್ತು.

ಎಲ್ಲರೂ ತಿರುಗಿ ಮುರಾಸೆ-ಸಾನ್‌ಳನ್ನು ನೋಡಿದೆವು. ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಆದರೆ ಪದ್ಧತಿಯ ವಿಷಯದಲ್ಲಿ ಅವಳು ಹಳೇ ಅಕ್ಕಿಯ ಪ್ರಕರಣದಲ್ಲೂ ಸಡಿಲಬಿಟ್ಟವಳಲ್ಲ.

"ಗೊಂದಾ-ಸಾನ್ ಕೇಳಿದ್ರು, ಉಶಿಯಾಮಾ-ಸಾನ್ ಹೇಳಿದ್ರು. ಇನ್ನು ಮುಂದಿನ ಪಂದ್ಯಾವಳಿ ತನಕ ಈ ಮದುವೆ ಮಾತನ್ನ ಬೀದೀಲಿ ಯಾರೂ ಎತ್ತೋ ಹಾಗಿಲ್ಲ."

"ಯಾರೂ ಅಂದ್ರೆ? ನಾನೂನಾ?" ಎಂದು ಉಶಿಯಾಮಾ ಕ್ಷೀಣವಾಗಿ ಕೇಳಿದ.

"ನೀವೇ ಮೊದಲು."

"ಇದೆಂಥ ಅನ್ಯಾಯ!" ಎಂದು ಅಜ್ಜಿ ಎದ್ದಳು. ಅಕ್ಕಿಯ ಮಾತು ಬೇರೆ, ಮದುವೆಯ ಮಾತು ಬೇರೆ ಎಂದು ಎಷ್ಟೋ ಜನ ಗೊಣಗಿದರು. ಆದರೆ ಒಮ್ಮೆ ಮುರಿದರೆ ಪದ್ಧತಿ ಉಳಿಯುತ್ತದೆಯೇ? ನಾಳೆಯೇ ಎಲ್ಲರ ಹಳೆಯ ಉತ್ತರಗಳೂ ಬೀದಿಗೆ ಬರುತ್ತವೆ. ಒಬ್ಬೊಬ್ಬರಾಗಿ ತಮ್ಮ ತಮ್ಮ ಉತ್ತರ ನೆನಪಿಸಿಕೊಂಡು ತಣ್ಣಗಾದರು. ಅಜ್ಜಿಯೂ ಏನನ್ನೋ ನೆನಪಿಸಿಕೊಂಡು ಕುಳಿತುಬಿಟ್ಟಳು.

ಕಿನುಯೊ ಎದ್ದು ಬಂದು ಉಶಿಯಾಮಾನ ಎದುರಿಗೆ ನಿಂತಳು. ಅವಳು ಆ ಮಾತು ಎತ್ತುವಂತಿಲ್ಲ, ಎತ್ತಲೂ ಇಲ್ಲ.

"ನಾಳೆಯಿಂದ ಹೊಸ ಹುಳು ಹುಡುಕ್ತೀನಿ," ಎಂದಳು. "ಹತ್ತಕ್ಕಿಂತ ಕಡಿಮೆ ವೇಗದ್ದು. ಮುಂದಿನ ವರ್ಷ ನಾನೇ ಗೆಲ್ಲೋದು. ಪ್ರಶ್ನೆ ಕೇಳೋಳೂ ನಾನೇ. ನಿಮ್ಮ ಬಾಯನ್ನ ನಂಬ್ಕೊಂಡು ಕೂತ್ರೆ ನನಗೆ ವಯಸ್ಸಾಗುತ್ತೆ."

ಹೇಳಿದವಳೇ ಅಂಗಡಿಗೆ ನಡೆದಳು. ಉಶಿಯಾಮಾ ಮಶೀನನ್ನು ಎದೆಗವಚಿಕೊಂಡು ನಿಂತಿದ್ದ, ಮುಖದಲ್ಲಿ ನಗುವೋ ಅಳುವೋ ಹೇಳುವ ಹಾಗಿರಲಿಲ್ಲ. ಗೊಂದಾ ಹತ್ತಿರ ಬಂದು ಭುಜದ ಮೇಲೆ ಕೈ ಹಾಕಿದ.

"ಅಂದ್ರೆ ಮುಂದಿನ ವರ್ಷ ನೀನು ಅವಳಿಗೆ ಸೋಲ್ಬೇಕು. ಅಷ್ಟೇ ತಾನೆ? ಚೀಟಿಯಲ್ಲಿ ಅವಳೇ ಎದುರಿಗೆ ಬರ್ಲಿ ಅಂತ ಬೇಡ್ಕೋ."

ಉಶಿಯಾಮಾನಿಗೆ ಅದು ಹೊಳೆದೇ ಇರಲಿಲ್ಲ. ಎಂಟು ಜನರಲ್ಲಿ ಚೀಟಿ ಯಾರಿಗೆ ಯಾರನ್ನು ತರುತ್ತದೋ ಯಾರಿಗೆ ಗೊತ್ತು. ಕಿನುಯೊ ಕೊನೆಯ ಸುತ್ತಿಗೆ ಬಂದರೆ, ಅವಳೆದುರು ಸೋಲುವುದಕ್ಕಾಗಿ ತಾನು ಮೊದಲು ಇನ್ನಿಬ್ಬರನ್ನು ಗೆಲ್ಲಬೇಕು. ನಲವತ್ತೇಳರ ಕಪ್ಪೆಯಿಂದ ಅದಾಗುವ ಮಾತಲ್ಲ.

ಅವತ್ತೇ ಸಂಜೆ ಅವನು ಮುಂದಿನ ಪಂದ್ಯಾವಳಿಗೆಂದು ಮೊದಲ ನೊಸೊಗಾಮವನ್ನು ಹಿಡಿದ. ವೇಗ ಹತ್ತೊಂಬತ್ತಿತ್ತು. ನೋಡಿ ಬಿಟ್ಟ.